ಶ್ವಾನಾಯದ ದುರ್ಬೀನು

ನನ್ನ ಗಂಡನ ಹೆಸರು ಈಶಪ್ಪ. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ ನಮ್ಮ ಕಡೆ. ನಾನು ಹೇಳಿದೆ. ಅಷ್ಟೆಲ್ಲ ಮಾಡಿದವಳಿಗೆ ಇದೊಂದು ಯಾವ ಲೆಕ್ಕ? ಕಳಕಮ್ಮ ಹೀಗೆ ಮಾಡಿದಳು, ಹಾಗೆ ಮಾಡಿದಳು ಎಂದು ಊರವರು ಆಡಿಕೊಂಡದ್ದರಲ್ಲಿ ಅರ್ಧ ಸುಳ್ಳು. ಉಳಿದರ್ಧ ನಿಜ, ಅದನ್ನು ನಾನೇ ಹೇಳುತ್ತೇನೆ.

ಅವರು ಕೊಪ್ಪಳದ ಸರ್ಕಾರಿ ಸಾಲೆಯಲ್ಲಿ ಲೆಕ್ಕದ ಮಾಸ್ತರರು. ನಿಜಾಮರ ರಾಜ್ಯ, ಪಾಠವೆಲ್ಲ ಉರ್ದುವಿನಲ್ಲಿ. ಬೈಯುವುದು ಮಾತ್ರ ಕನ್ನಡದಲ್ಲಿ. ಒಳ್ಳೆಯ ಮನುಷ್ಯ, ಆದರೆ ಹಿಡಿದದ್ದನ್ನು ಬಿಡುವ ಪೈಕಿಯಲ್ಲ. ಮುಂಬೈಯಿಂದ ಯಾರೋ ತಂದ ಪತ್ರಿಕೆಯೊಂದರಲ್ಲಿ ದುರ್ಬೀನನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆ ಓದಿದರು. ಅಂದಿನಿಂದ ನನ್ನ ಸಂಸಾರಕ್ಕೆ ಒಬ್ಬಳು ಸವತಿ ಬಂದಳು.

ಚಿಕ್ಕ ತಾಟಿನಷ್ಟು ಅಗಲದ ಎರಡು ದಪ್ಪ ಗಾಜು ತರಿಸಿದರು. ಹಿತ್ತಲಲ್ಲಿ ಒಂದು ಪೀಪಾಯಿ ನಿಲ್ಲಿಸಿ ಅದರ ಮೇಲೆ ಒಂದು ಗಾಜನ್ನು ಕೂರಿಸಿ, ಸಾಣೆಪುಡಿ ಮತ್ತು ನೀರು ಹಾಕಿ, ಇನ್ನೊಂದು ಗಾಜನ್ನು ಮೇಲಿಟ್ಟು ಉಜ್ಜುತ್ತ ಪೀಪಾಯಿಯನ್ನು ಸುತ್ತುವುದು. ಉಜ್ಜುತ್ತ ಉಜ್ಜುತ್ತ ಮೇಲಿನ ಗಾಜು ಕುಳಿ ಬೀಳುತ್ತದೆ. ಅದಕ್ಕೆ ಬೆಳ್ಳಿಯ ನೀರು ಕೊಟ್ಟರೆ ಬೆಳಕನ್ನೆಲ್ಲ ಒಂದು ಕಡೆ ಕೂಡಿಸುವ ಕನ್ನಡಿ. ಹೇಳುವುದಕ್ಕೆ ಎರಡು ಮಾತು; ಮಾಡುವುದಕ್ಕೆ ಆರು ವರ್ಷ ಹಿಡಿಯಿತು. ಸಾಲೆ ಬಿಟ್ಟು ಬಂದವರು ಅಂಗಿ ತೆಗೆದು ಹಿತ್ತಲಿಗೆ ಇಳಿದರೆ ದೀಪ ಹಚ್ಚುವ ತನಕ ಸುತ್ತುತ್ತಲೇ ಇರುತ್ತಿದ್ದರು. ಗಾಣದ ಎತ್ತೂ ನಡುವೆ ಒಮ್ಮೆ ನಿಲ್ಲುತ್ತದೆ ಎಂದು ನಾನು ಅಣಕಿಸುತ್ತಿದ್ದೆ. ಅವರು ನಗುತ್ತಿದ್ದರು, ನಿಲ್ಲುತ್ತಿರಲಿಲ್ಲ.

ಕನ್ನಡಿ ಮುಗಿಯುವ ಹೊತ್ತಿಗೆ ಅವರ ಕಣ್ಣು ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿಯ ಡಾಕ್ಟರು ನೋಡಿ, ಇದು ಪೊರೆಯಲ್ಲ, ತೆಗೆಯಲಿಕ್ಕೆ ಬರುವುದಿಲ್ಲ, ಒಳಗಿನ ನರವೇ ಒಣಗುತ್ತಿದೆ ಅಂದರು. ನೋಟದ ನಡುವೆ ಹೊಗೆ ಕವಿದಂತೆ. ಅಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತಿತ್ತು. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಆಚೆ ದಿಟ್ಟಿಸಬೇಕು. ಆ ಅಂಚೂ ಉಳಿಯುವುದಿಲ್ಲ, ವರ್ಷದೊಳಗೆ ಪೂರಾ ಹೋಗುತ್ತದೆ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ರೈಲಿನಲ್ಲಿ ಬರುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅವರು ನನ್ನ ಕೈ ಹಿಡಿದು, ನನಗೂ ಕೇಳಿಸಿತು, ಬಾಗಿಲು ತೆಳ್ಳಗಿತ್ತು ಎಂದರು.

ದುರ್ಬೀನಿನ ಕೊಳವೆಯನ್ನು ಕಿನ್ನಾಳದ ಬಡಿಗೇರ ಕೊಟ್ರಪ್ಪ ಮಾಡಿಕೊಟ್ಟಿದ್ದ. ಎದೆಯೆತ್ತರದ ಎಂಟು ಮೂಲೆಯ ಕಟ್ಟಿಗೆಯ ಕೊಳವೆ. ಕೆಂಪು ಬಣ್ಣ ಬಳಿದು ಮೇಲೆ ಕಿನ್ನಾಳದ ಗೊಂಬೆಗಳಿಗೆ ಬರೆಯುವ ಹಾಗೆ ಹಳದಿ ಬಳ್ಳಿ ಬರೆಸಿದ್ದ, ಬರೆ ಎಂದು ಯಾರೂ ಹೇಳಿರಲಿಲ್ಲ. ಬುಡದಲ್ಲಿ ದೊಡ್ಡ ಕನ್ನಡಿ. ಬೆಳಕು ಬಾಯಿಯಿಂದ ಇಳಿದು ಅದಕ್ಕೆ ಬಡಿದು, ಕೂಡುತ್ತ ಮೇಲೇರುತ್ತದೆ. ಬಾಯಿಯ ಹತ್ತಿರ ಓರೆಯಾಗಿ ನಿಲ್ಲಿಸಿದ ಒಂದು ಸಣ್ಣ ಕನ್ನಡಿ ಅದನ್ನು ಪಕ್ಕದ ತೂತಿಗೆ ತಿರುಗಿಸುತ್ತದೆ. ತೂತಿನಲ್ಲಿ ಒಳಗೆ ಹೊರಗೆ ಸರಿಯುವ ಹಿತ್ತಾಳೆಯ ನಳಿಗೆ, ನಳಿಗೆಯಲ್ಲಿ ಕಣ್ಣಿಡುವ ಗಾಜು. ಅದರಲ್ಲಿ ನಾನು ಮೊದಲ ಸಲ ಚಂದ್ರನನ್ನು ನೋಡಿ ಅವನ ಮೈಮೇಲಿನ ಕುಳಿಗಳನ್ನು ಎಣಿಸತೊಡಗಿದೆ. ಅವರು ಕಣ್ಣಿಟ್ಟರು. ಆ ಕಡೆ ಈ ಕಡೆ ಕಣ್ಣು ಹೊರಳಿಸಿದರು. ಅಂಚಿನಿಂದ ನೋಡಲು ಹೋದರೆ ಗಾಜಿನಿಂದ ಕಣ್ಣೇ ಜಾರುತ್ತಿತ್ತು. ಅಷ್ಟರಲ್ಲಿ ಚಂದ್ರನೂ ಸರಿದುಹೋಗುತ್ತಿದ್ದ. ಬೆಳ್ಳಗೆ ಏನೋ ಇದೆ, ಅಷ್ಟೇ ಅಂದರು. ಆರು ವರ್ಷ ಸುತ್ತಿದ್ದಕ್ಕೆ ಅವರಿಗೆ ಸಿಕ್ಕದ್ದು ಅಷ್ಟೇ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಆದರೆ ಒಂದು ಮಾತಿತ್ತು. ಮಟಮಟ ಬಿಸಿಲಿನಲ್ಲಿ, ಅಲುಗದೆ ತೊಡೆಯ ಮೇಲೆ ಇರುವಂಥದ್ದನ್ನು ಅವರು ಇನ್ನೂ ನೋಡಬಲ್ಲವರಾಗಿದ್ದರು. ಮೂಗಿನ ಹತ್ತಿರ ತಂದು, ಅಂಚಿನಿಂದ ಇಷ್ಟಿಷ್ಟೇ ನೋಡಿ, ತಲೆಯೊಳಗೆ ಜೋಡಿಸಿಕೊಳ್ಳುತ್ತಿದ್ದರು. ಚಂದ್ರ ತೊಡೆಯ ಮೇಲೆ ಬಂದು ಕೂರುವುದಿಲ್ಲ. ಅವನ ಫೋಟೋ ಕೂರುತ್ತದೆ. ಅವರ ಕನ್ನಡಿಯಲ್ಲಿ ಮೂಡಿದ ಚಂದ್ರನನ್ನು ಆ ಅಂಚು ಆರುವುದರೊಳಗೆ ಅವರಿಗೆ ತೋರಿಸಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಊರಿನಲ್ಲಿ ಫೋಟೋ ತೆಗೆಯುತ್ತಿದ್ದವನು ಹುಸೇನಬಾಷಾ. ಅವರ ಹಳೆಯ ಶಿಷ್ಯ, ಲೆಕ್ಕದಲ್ಲಿ ಪೆಟ್ಟು ತಿಂದವನು. ಯುದ್ಧ ನಡೆದಿತ್ತು, ಫೋಟೋ ಮೂಡುವ ಗಾಜಿನ ಪ್ಲೇಟುಗಳು ಸಿಗುತ್ತಿರಲಿಲ್ಲ, ಮದುವೆಯವರಿಗೇ ಇಲ್ಲ ಎನ್ನುತ್ತಿದ್ದ. ನಾನು ಕೇಳಿದ್ದೇ ತಡ ತನ್ನ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಬಂದ.

ಮಹಾನವಮಿಯ ಸಂಜೆ. ಮಾಳಿಗೆಯ ಮೇಲೆ ಬಿಳಿ ಬೆಳಕು ಇನ್ನೂ ಇತ್ತು, ಕೋಟೆ ಗುಡ್ಡದ ಮೇಲೆ ಚಂದ್ರ ಅರ್ಧಕ್ಕಿಂತ ತುಸು ದಪ್ಪಗಿದ್ದ. ನನ್ನ ಭಾವ ದೊಡ್ಡಬಸಪ್ಪನವರೂ ನೋಡಲಿಕ್ಕೆ ಬಂದಿದ್ದರು. ಹತ್ತಿ ವ್ಯಾಪಾರದವರು, ಮನೆಯ ಹಿರಿಯರು, ಪಕ್ಕದ ಅಂಕಣದಲ್ಲೇ ಇರುವವರು. ಆ ಗಾಜೇ ತಮ್ಮನ ಕಣ್ಣು ತಿಂದಿತು ಎಂದು ಅವರ ನಂಬಿಕೆ. ನಾನು ಸೆರಗು ಹೊದ್ದು ಹಿಂದೆ ನಿಂತೆ. ಭಾವನ ಎದುರು ಮಾತಾಡುವ ರೂಢಿ ನಮ್ಮಲ್ಲಿ ಇಲ್ಲ, ಅಲ್ಲಿಯ ತನಕ ನಾನೂ ಆಡಿರಲಿಲ್ಲ.

ಹುಸೇನಬಾಷಾ ಕ್ಯಾಮೆರಾದ ಗಾಜು ಬಿಚ್ಚಿದ, ಕಣ್ಣಿಡುವ ಗಾಜನ್ನೂ ತೆಗೆದ. ನಳಿಗೆಯ ತುದಿಗೆ ಕ್ಯಾಮೆರಾದ ಬಾಯಿ ಸೇರಿಸಿ ಹಲಗೆ ಇಟ್ಟು ಹಗ್ಗದಿಂದ ಬಿಗಿದ. ಕ್ಯಾಮೆರಾದ ಹಿಂದುಗಡೆ ಒಂದು ಮಬ್ಬುಗಾಜು ಇರುತ್ತದೆ. ಅದರ ಮೇಲೆ ಬಿಂಬ ಚೂಪಾಗಿ ಮೂಡಿದರೆ ಅದಕ್ಕೆ ಫೋಕಸ್ ಎನ್ನುತ್ತಾರೆ, ಆಮೇಲೆ ಗಾಜು ತೆಗೆದು ಅದೇ ಜಾಗದಲ್ಲಿ ಪ್ಲೇಟು ಇಡುವುದು. ಅವನು ಕರಿಯ ಬಟ್ಟೆಯೊಳಗೆ ತಲೆ ತೂರಿಸಿದ. ಮಬ್ಬುಗಾಜಿನ ಮೇಲೆ ಚಂದ್ರ ಕಲಸಿದ ಹಿಟ್ಟಿನ ಹಾಗೆ ಹರಡಿಕೊಂಡಿದ್ದ. ನಳಿಗೆಯನ್ನು ಒಳಗೆ ದೂಡಿದಷ್ಟೂ ಹಿಟ್ಟು ಕೂಡಿಕೊಳ್ಳುತ್ತ ಬಂತು. ಇನ್ನೇನು ಬಂತು ಅನ್ನುವಷ್ಟರಲ್ಲಿ ನಳಿಗೆ ತಳ ಮುಟ್ಟಿ ನಿಂತಿತು. ಮುಂದಕ್ಕೆ ಜಾಗವಿಲ್ಲ. ಕ್ಯಾಮೆರಾದ ಹಿಗ್ಗಿ ಕುಗ್ಗುವ ತೊಗಲಿನ ತಿದಿಯನ್ನು ಪೂರಾ ಮಡಚಿದ, ಹಗ್ಗ ಬಿಚ್ಚಿ ಮತ್ತೆ ಕಟ್ಟಿದ, ಬೆವರಿದ. ಕೊನೆಗೆ ಹೊರಗೆ ಬಂದು, ಕನ್ನಡಿಯೇ ಸರಿಯಿಲ್ಲ ಅನಿಸುತ್ತದೆ ಮಾಸ್ತರೆ ಎಂದ.

ಅವರ ಮುಖ ನೋಡಲಾಗಲಿಲ್ಲ ನನಗೆ. ಭಾವನವರು ಆರು ವರ್ಷ ಗಾಜು ತಿಕ್ಕಿದ್ದು ಇಷ್ಟಕ್ಕೇನು ಎಂದು ಮೆಟ್ಟಿಲು ಇಳಿದರು. ನನಗೆ ಪಿತ್ತ ನೆತ್ತಿಗೇರಿತು. ನಾನು ಕಣ್ಣಾರೆ ನೋಡಿದ ಕನ್ನಡಿ ಅದು. ಅದರಲ್ಲಿ ಚಂದ್ರ ಹೊಸ ಸೂಜಿಯಷ್ಟು ಚೂಪಾಗಿದ್ದ. ಅದು ಸರಿಯಿಲ್ಲ ಎನ್ನಲು ಇವರು ಯಾರು?

ಮರುದಿನ ಸಂಜೆ ಎಣ್ಣೆ ಹತ್ತಿದ ತೆಳು ಕಾಗದವೊಂದನ್ನು ಹಿಡಿದು ಮಾಳಿಗೆ ಹತ್ತಿದೆ. ಅದೂ ಒಂದು ಮಬ್ಬುಗಾಜೇ ಅಲ್ಲವೆ? ನಳಿಗೆಯ ಬಾಯಿಗೆ ಹಿಡಿದೆ, ಹಿಟ್ಟೇ ಕಂಡಿತು. ಕಾಗದವನ್ನು ಕಡ್ಡಿಗೆ ಅಂಟಿಸಿ ನಳಿಗೆಯೊಳಗೆ ಮೆಲ್ಲಗೆ ಇಳಿಸಿದೆ. ಒಂದು ಬೆರಳು ಒಳಗೆ ಹೋಗುವುದರೊಳಗೆ ಪುಟ್ಟ ಚಂದ್ರ, ಕುಳಿಗಳ ಸಮೇತ, ಕಾಗದದ ಮೇಲೆ ಚಕ್ಕನೆ ನಿಂತ. ಕನ್ನಡಿ ಸರಿಯಾಗಿಯೇ ಇತ್ತು. ಬೆಳಕು ಕೂಡುವ ಜಾಗ ಮಾತ್ರ ನಳಿಗೆಯ ಒಳಗಿತ್ತು. ಕಣ್ಣಿಡುವ ಗಾಜು ಸಣ್ಣದು, ಒಳಗೆ ಇಳಿದು ಆ ಜಾಗವನ್ನು ಹಿಡಿಯುತ್ತಿತ್ತು. ಕ್ಯಾಮೆರಾದ ಪೆಟ್ಟಿಗೆ ಅಲ್ಲಿಗೆ ಹೇಗೆ ಇಳಿದೀತು? ಅದರ ಮಬ್ಬುಗಾಜು ಬಾಯಿಂದ ಎರಡು ಬೆರಳು ಹಿಂದೆಯೇ ಇರುತ್ತದೆ.

ಕೆಳಗೆ ಬಂದು ಅವರಿಗೆ ಹೇಳಿದೆ. ಅವರು ಕೊಳವೆಯ ಉದ್ದ ಅಳೆ ಅಂದರು. ಬೆರಳು ಮಡಚುತ್ತ ಅಳೆದೆ. ಅವರು ಕೊಟ್ರಪ್ಪನಿಗೆ ಹೇಳಿದ್ದಕ್ಕಿಂತ ಮೂರು ಬೆರಳು ಹೆಚ್ಚಿತ್ತು. ದೊಡ್ಡ ಕನ್ನಡಿ ಮೂರು ಬೆರಳು ಕೆಳಗೆ ಕೂತಿತ್ತು, ಆದ್ದರಿಂದ ಬೆಳಕು ಹೊರಗೆ ಕೂಡುವ ಬದಲು ಮೂರು ಬೆರಳು ಒಳಗೇ ಕೂಡಿಬಿಡುತ್ತಿತ್ತು. ಬುಡದಲ್ಲಿ ಮೂರು ಬೆರಳು ಕೊಯ್ದು ಕನ್ನಡಿಯನ್ನು ಮೇಲೆ ತಂದರೆ ಮುಗಿಯಿತು. ಹಾಗಂದುಕೊಂಡೆ.

ಕಿನ್ನಾಳಕ್ಕೆ ಬಂಡಿ ಕಟ್ಟಿಸಿಕೊಂಡು ನಾನೇ ಹೋದೆ. ಯಾಕಪ್ಪಾ ಹೆಚ್ಚು ಮಾಡಿದೆ ಎಂದು ಕೇಳಿದರೆ ಕೊಟ್ರಪ್ಪ ಹೆಮ್ಮೆಯಿಂದ ಹೇಳತೊಡಗಿದ. ನಮ್ಮ ಬಡಿಗರು ಬಾಗಿಲು, ಹೊರಸು, ತೊಟ್ಟಿಲು ಏನೇ ಮಾಡಿದರೂ ಆಯ ನೋಡುತ್ತಾರೆ. ಬೆರಳಿನ ಲೆಕ್ಕದಲ್ಲಿ ಉದ್ದ ಅಳೆದು ಎಂಟೆಂಟು ಕಳೆದು, ಉಳಿದದ್ದರ ಮೇಲೆ ಅದರ ಗುಣ ಹೇಳುತ್ತಾರೆ. ಮೂರು ಉಳಿದರೆ ಸಿಂಹ, ನಾಲ್ಕಾದರೆ ಶ್ವಾನ, ಐದು ವೃಷಭ, ಏಳು ಗಜ, ಹೀಗೆ. ಸಿಂಹ, ವೃಷಭ, ಗಜ ಒಳ್ಳೆಯವು. ಶ್ವಾನ ಅಂದರೆ ನಾಯಿ. ನಾಯಿಯ ಆಯದ ವಸ್ತು ಇದ್ದ ಮನೆಗೆ ಕೇಡು. ಮಾಸ್ತರರು ಹೇಳಿದ ಅಳತೆ ನೇರ ಶ್ವಾನಾಯಕ್ಕೆ ಬರುತ್ತಿತ್ತಂತೆ. ಪಾಪ, ಓದಿದವರಿಗೆ ಇದೆಲ್ಲ ತಿಳಿಯದು ಎಂದು ಮೂರು ಬೆರಳು ಏರಿಸಿ ಗಜಾಯಕ್ಕೆ ತಂದಿದ್ದ. ಮನೆ ಉಳಿಸಿದೆ ಅಂದುಕೊಂಡಿದ್ದ ಪುಣ್ಯಾತ್ಮ.

ಮತ್ತೆ ಮೂರು ಬೆರಳು ಇಳಿಸು ಅಂದಾಗ ಅವನ ಕೈಯಲ್ಲಿದ್ದ ಉಳಿ ಹಾಗೇ ನಿಂತಿತು.

"ನಾ ಕೊಯ್ಯಂಗಿಲ್ರಿ ಅವ್ವಾರ. ಮಾಸ್ತರ ಕಣ್ಣು ಮೊದಲ ಹಿಂಗ ಅದಾವ. ನಾಯಿ ಆಯಕ್ಕ ಇಳಿಸಿ ಇದ್ದ ಬೆಳಕೂ ಕಳದೆ ಅಂದ್ರ ನಾ ಯಾರಿಗೆ ಮಾರಿ ತೋರಿಸ್ಲಿ?"

ಅವನಿಗೂ ನೋವಿತ್ತು. ದಾರಿ ಹುಡುಕಿದ. ಎರಡು ಬೆರಳು ಕೊಯ್ದರೆ ವೃಷಭಾಯ, ಈಗಲೇ ಕೊಯ್ಯುತ್ತೇನೆ ಅಂದ. ಎರಡು ಸಾಲುವುದಿಲ್ಲ, ಕಾಗದ ಇಳಿಸಿ ನೋಡಿದವಳು ನಾನು; ನಳಿಗೆಯೊಳಗಿನ ಹತ್ತಿರಹತ್ತಿರ ಒಂದು ಬೆರಳು, ಕ್ಯಾಮೆರಾದ ಎರಡು, ಕೂಡಿಸಿದರೆ ಮೂರು. ಹಾಗಾದರೆ ನಾಲ್ಕು ಕೊಯ್ದರೆ ಸಿಂಹಾಯ, ಅದು ಇನ್ನೂ ಚೆಂದ ಅಂದ. ಸಿಂಹವಾದರೆ ಸಿಂಹ, ನನಗೇನು ಎಂದು ಕುಣಿಯುತ್ತ ಮನೆಗೆ ಬಂದೆ.

ಮನೆಯಲ್ಲಿ ನನ್ನ ಪುಣ್ಯಪುರುಷರು ಆಗುವುದಿಲ್ಲ ಅಂದರು. ನಾಲ್ಕು ಕೊಯ್ದರೆ ಓರೆಯ ಸಣ್ಣ ಕನ್ನಡಿ ಸಾಲದಂತೆ. ದೊಡ್ಡ ಕನ್ನಡಿಯ ಅಂಚಿನಿಂದ ಬರುವ ಬೆಳಕು ಅದರ ಆಚೆ ಚೆಲ್ಲಿಹೋಗುತ್ತದಂತೆ. ಇಷ್ಟೇ ಇಷ್ಟು ಬೆಳಕು ಹೋದರೆ ಹೋಗಲಿ ಬಿಡಿ ಅಂದೆ. ಅವರು ಸಿಟ್ಟಾಗಿದ್ದನ್ನು ಬಹಳ ದಿನಗಳ ಮೇಲೆ ನೋಡಿದೆ.

"ಅಂಚು ಬಿಡಂದ್ರ ಎರಡು ವರ್ಷ ಬಿಟ್ಟಂಗ, ಕಳಕಿ. ಕಡೀ ಎರಡು ವರ್ಷ ನಾ ಅಂಚಿಗೇ ಸುತ್ತೇನಿ. ನೋಡಿದ್ರ ನಂಗ ಪೂರಾ ಕನ್ನಡಿ ನೋಡಬೇಕು."

ಪೂರಾ ಬೇಕು. ಸರಿ, ನನ್ನ ಗಂಡನೇ ಹೌದು.

ಆ ಹೊತ್ತಿಗೆ ಕೊಟ್ರಪ್ಪನ ಮಾತು ಪೇಟೆಯ ಮೂಲಕ ಭಾವನವರ ಕಿವಿಗೆ ಬಿದ್ದಿತ್ತು. ಅವರು ನಮ್ಮ ಪಡಸಾಲೆಗೆ ಬಂದು ಕೂತು, ಗೋಡೆಗೆ ಹೇಳುವ ಹಾಗೆ ನನಗೆ ಹೇಳಿದರು: ಆ ಕೊಳವೆಗೆ ಗರಗಸ ತಾಗಿದರೆ ಅದನ್ನೂ ಅದರ ಗಾಜನ್ನೂ ಹಳ್ಳಕ್ಕೆ ಎಸೆಯುತ್ತೇನೆ, ಇದು ಹಿರಿಯನ ಮಾತು. ನನಗೆ ಅವರ ಮೇಲೆ ಬರೀ ಸಿಟ್ಟಿತ್ತು ಅಂದರೆ ಸುಳ್ಳಾಗುತ್ತದೆ. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರು, ಹೆದರಿದ್ದರು. ನಾನೂ ಹೆದರಿದ್ದೆ. ನಾನೇನು ಆಯ ನಂಬದವಳೆ? ತವರಿನಲ್ಲಿ ಆಯ ನೋಡದ ಹೊರಸಿನ ಮೇಲೆ ನಾನು ಮಲಗಿದವಳಲ್ಲ. ನಾಯಿಯ ಅಳತೆಯಿಂದಲೇ ಆ ಉಳಿದ ಬೆಳಕು ಆರಿದರೆ? ಆ ಯೋಚನೆ ಬಂದಾಗ ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು.

ಆದರೂ ಅಂದು ಮೊದಲ ಸಲ ಅವರ ಎದುರು ಬಾಯಿ ತೆರೆದೆ.

"ಭಾವನವರ, ಡಾಕ್ಟರು ಈ ಕಣ್ಣು ಉಳೀತಾವ ಅಂದಿದ್ರ ನೀವು ಹೇಳಿದ್ದ ಕೇಳ್ತಿದ್ದೆ. ಹೋಗಾಕ ನಿಂತಾವ. ಹೋಗೂವು ಬರಿಗೈಲೆ ಯಾಕ ಹೋಗಬೇಕ್ರಿ?"

ಅವರು ಎದ್ದುಹೋದರು. ನಾನು ಆಡಿದ ಮಾತಿಗಿಂತ, ಆಡಿದೆನಲ್ಲ ಎಂಬುದೇ ಅವರಿಗೆ ದೊಡ್ಡ ಪೆಟ್ಟಾಗಿತ್ತು.

ತುಂಬಿದ ಚಂದ್ರನಲ್ಲಿ ಕುಳಿಗಳ ನೆರಳು ಕಾಣುವುದಿಲ್ಲ, ಅರ್ಧಚಂದ್ರನಿಗಾಗಿ ಮುಂದಿನ ತಿಂಗಳ ತನಕ ಕಾಯಬೇಕಾಗಿತ್ತು. ಅದು ಕಾರ್ತಿಕ. ಅಷ್ಟರಲ್ಲಿ ಅವರಿಗೆ ಎಡಗಡೆಯ ಅಂಚು ಹೋಯಿತು. ಗಂಗಾಳದಲ್ಲಿ ಎಡಕ್ಕೆ ಬಡಿಸಿದ ಪಲ್ಯ ಹಾಗೇ ಉಳಿಯತೊಡಗಿತು, ನಾನು ಏನೂ ಅನ್ನದೆ ಬಲಕ್ಕೆ ಬಡಿಸತೊಡಗಿದೆ.

ಕಾರ್ತಿಕದ ಅಷ್ಟಮಿಯ ಮಧ್ಯಾಹ್ನ ಹುಸೇನಬಾಷಾ ಬಂದ. ಕನ್ನಡಿ ಸರಿಯಿಲ್ಲ ಅಂದದ್ದಕ್ಕೆ ಅವನಿಗೆ ತುಂಬಾ ನಾಚಿಕೆಯಾಗಿತ್ತು. ಫೋಟೋಗಳಿಗೆ ಚೌಕಟ್ಟು ಕೊಯ್ಯುವ ಸಣ್ಣ ಹಲ್ಲಿನ ಗರಗಸ ತಂದಿದ್ದ. ಕೊಡುವಾಗ ಮಾತ್ರ, ನಾನು ಕೊಯ್ದರೆ ಬೇರೆ ಜಾತಿಯವನು ಬಂದು ಮನೆ ಕೆಡಿಸಿದ ಅಂತಾರೆ ಅವ್ವಾರೆ, ಗರಗಸ ನನ್ನದು, ಕೈ ನಿಮ್ಮದು ಅಂದ. ಅವನು ಹೇಳಿದ್ದು ಖರೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ.

ಭಾವನವರು ಅಂಗಡಿಯಲ್ಲಿದ್ದರು. ನಮ್ಮವರು ಕೊಳವೆಯನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು, ಗೆರೆಯ ಮೇಲೆ ಹೆಬ್ಬೆರಳಿಟ್ಟು ದಾರಿ ತೋರಿಸಿದರು. ಮೊದಲ ಎಳೆತಕ್ಕೆ ಹಳದಿ ಬಳ್ಳಿ ತುಂಡಾಯಿತು. ನನ್ನ ಕೈ ನಿಂತಿತು. ಅವರು ತಲೆಯೆತ್ತಿ ನನ್ನ ಕಿವಿಯ ಆಚೆ ನೋಡುತ್ತ, ಅಂದರೆ ನನ್ನನ್ನೇ ನೋಡುತ್ತ, ಹೆದರಬೇಡ ಎಂದು ಹೇಳಲಿಲ್ಲ. ಗೆರೆ ಬಿಟ್ಟು ಹೋಗಬೇಡ ಅಂದರು. ಆಮೇಲೆ ನಾನು ನಿಲ್ಲಲಿಲ್ಲ. ಎಂಟು ಮುಖಗಳನ್ನೂ ಕೊಯ್ದೆ. ನಾಯಿಯಾದರೆ ನಾಯಿ, ಅದೂ ಮನೆ ಕಾಯುವ ಪ್ರಾಣಿಯೇ ಎಂದು ಬಯ್ಯುತ್ತ ಕೊಯ್ದೆ. ಕೊನೆಗೆ ಮೂರು ಬೆರಳಗಲದ ಕೆಂಪು ಬಳೆ ಕಳಚಿ ನನ್ನ ಮಡಿಲಿಗೆ ಬಿತ್ತು. ಅದನ್ನು ಎಸೆಯಲಿಲ್ಲ. ಒಳಗೆ ಒಯ್ದು ಒಂದು ಕೆಲಸಕ್ಕೆ ಇಟ್ಟೆ, ಅದನ್ನು ಆಮೇಲೆ ಹೇಳುತ್ತೇನೆ.

ಕನ್ನಡಿಯನ್ನು ಮತ್ತೆ ಬುಡಕ್ಕೆ ಕೂರಿಸಿ, ಅವರು ಹೇಳಿದಂತೆ ತಿರುಪುಮೊಳೆಗಳನ್ನು ತಿರುಗಿಸುತ್ತ ನೆಟ್ಟಗೆ ಮಾಡುವುದರೊಳಗೆ ಹೊತ್ತು ಇಳಿದಿತ್ತು. ಆಕಾಶ ಇನ್ನೂ ನೀಲಿ ಇದ್ದಾಗಲೇ ಚಂದ್ರ ನೆತ್ತಿಯ ಹತ್ತಿರ ಕಂಡ, ಸರಿಯಾಗಿ ಅರ್ಧ. ಹುಸೇನಬಾಷಾ ಕ್ಯಾಮೆರಾ ಬಿಗಿದು ಕರಿಯ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮೊದಲು ನೀವು ನೋಡಿರಿ ಅಂದ. ನಾನು ತಲೆ ತೂರಿಸಿದೆ. ಮತ್ತೆ ಅದೇ ಹಿಟ್ಟು. ನಳಿಗೆಯನ್ನು ಒಳಗೆ ಸರಿಸಿದೆ. ಹಿಟ್ಟು ಕೂಡಿತು, ಇನ್ನೂ ಕೂಡಿತು, ಹೋದ ತಿಂಗಳು ನಿಂತ ಜಾಗ ದಾಟಿತು, ನಳಿಗೆ ಇನ್ನೂ ಸರಿಯುತ್ತಲೇ ಇತ್ತು. ಒಮ್ಮೆಲೆ ಮಬ್ಬುಗಾಜಿನ ಮೇಲೆ ಚಂದ್ರ ಬಂದು ನಿಂತ, ತಲೆಕೆಳಗಾಗಿ, ಕುಳಿಕುಳಿಯ ಅಂಚು ಹಲ್ಲಿನಂತೆ ಎದ್ದು. ಇನ್ನಷ್ಟು ಒಳಗೆ ಸರಿಸಿದೆ, ಮತ್ತೆ ಹಿಟ್ಟಾಯಿತು. ಹಿಂದಕ್ಕೆ ತಂದೆ, ಮತ್ತೆ ಬಂದ. ಆ ಕಡೆಗೂ ಜಾಗ ಇತ್ತು, ಈ ಕಡೆಗೂ ಜಾಗ ಇತ್ತು. ಆ ಬಟ್ಟೆಯ ಕತ್ತಲೆಯಲ್ಲಿ ಯಾರೂ ನೋಡುತ್ತಿರಲಿಲ್ಲ, ನಾನು ಅತ್ತೆ.

ಅವನ ಹತ್ತಿರ ಉಳಿದಿದ್ದ ಪ್ಲೇಟುಗಳನ್ನೆಲ್ಲ ಅಂದು ಚಂದ್ರನಿಗೇ ಹಾಕಿದ. ಒಂದು ಅಲುಗಿತು, ಒಂದು ಕಪ್ಪಾಯಿತು, ಒಂದು ನಿಂತಿತು. ನಿಂತದ್ದನ್ನು ದೊಡ್ಡದು ಮಾಡಿ ರೊಟ್ಟಿಯಷ್ಟು ಅಗಲದ ಚಂದ್ರನನ್ನು ಕಾಗದದ ಮೇಲೆ ಇಳಿಸಿ ತಂದುಕೊಟ್ಟ.

ಮಾಳಿಗೆಯ ಮೇಲೆ ಉರಿಬಿಸಿಲಿನಲ್ಲಿ ಅವರು ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಮುಖ ಬಗ್ಗಿಸಿ, ಬಲಗಣ್ಣಿನ ಉಳಿದ ಅಂಚಿನಿಂದ, ಇರುವೆ ನಡೆದ ಹಾಗೆ ಮೇಲಿನಿಂದ ಕೆಳಗೆ ಬಂದರು. ನಾನು ಛತ್ರಿ ಹಿಡಿಯಲು ಹೋದರೆ ನೆರಳು ಬೇಡ ಎಂದು ದೂಡಿದರು. ಊಟದ ಹೊತ್ತು ಮೀರಿತು. ಕೊನೆಗೆ ನನ್ನ ಬೆರಳು ಹಿಡಿದು ಒಂದು ಕುಳಿಯ ಮೇಲೆ ಇಟ್ಟರು. ಅದರ ನಟ್ಟನಡುವೆ ಸಾಸಿವೆಯಷ್ಟು ಬಿಳಿ ಗುಡ್ಡ, ಅದಕ್ಕೊಂದು ಕೂದಲಿನಂಥ ನೆರಳು. ಎರಡು ಕಣ್ಣಿದ್ದ ನಾನು ಅದನ್ನು ನೋಡಿರಲೇ ಇಲ್ಲ.

ಆಮೇಲೆ ನಿಟ್ಟುಸಿರು ಬಿಟ್ಟು, ಚಂದ್ರನ ಸುತ್ತ ಮಂಜು ಇದೆ, ಅಂಚಿನ ಬೆಳಕು ನಡುವಿನದರ ಜೊತೆ ಕೂಡಿಲ್ಲ, ನನ್ನ ಕನ್ನಡಿಯ ಅಂಚು ಇಳಿಬಿದ್ದಿದೆ, ಅಂಚೇ ಕೆಟ್ಟಿದೆ ಅಂದರು. ಯಾವ ಅಂಚು ಬಿಡಲಾರೆ ಎಂದು ಹಟ ಹಿಡಿದಿದ್ದರೋ ಅದೇ. ನನಗೆ ನಗಬೇಕೋ ಅವರ ತಲೆಗೆ ಕುಟ್ಟಬೇಕೋ ತಿಳಿಯಲಿಲ್ಲ. ಹಾಗಾದರೆ ನಾಲ್ಕು ಬೆರಳು ಕೊಯ್ದು ಸಿಂಹಾಯ ಮಾಡಬಹುದಿತ್ತಲ್ಲ, ನಾನು ಯಾಕೆ ನಾಯಿಯನ್ನು ಮೈಮೇಲೆ ಹಾಕಿಕೊಂಡೆ ಎಂದು ರೇಗಿದೆ. ಪೂರಾ ನೋಡಿದ್ದಕ್ಕೇ ತಪ್ಪು ಗೊತ್ತಾಯಿತು, ಅಂಚು ಮುಚ್ಚಿದ್ದರೆ ನಾನು ಜಂಬದಲ್ಲೇ ಕುರುಡನಾಗುತ್ತಿದ್ದೆ ಅಂದರು. ಅವರ ಮುಖದಲ್ಲಿ ಅಷ್ಟು ಖುಷಿಯನ್ನು ಮದುವೆಯ ದಿನವೂ ನಾನು ನೋಡಿರಲಿಲ್ಲ.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಕಣ್ಣು ಪೂರಾ ಹೋದವು. ಹೇಳಿದ ಮಾತು ನಿಜವಾಯಿತು ಎಂದು ಪೇಟೆಯೆಲ್ಲ ಆಡಿಕೊಂಡಿತು. ಡಾಕ್ಟರು ಹೇಳಿದ ಮಾತಲ್ಲ, ಬಡಿಗ ಹೇಳಿದ ಮಾತು. ಅಂದು ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆಯ ಅಡಿಗೆ ಎರಚಲು, ಹೋದಾಗ, ಬಳಗವೆಲ್ಲ ಬನ್ನಿಯ ಗಿಡದ ಕೆಳಗೆ ಊಟಕ್ಕೆ ಕೂತಾಗ ಭಾವನವರು ಅದನ್ನು ತೆಗೆದರು. ಹಳ್ಳಕ್ಕೆ ಎಸೆಯುತ್ತೇನೆ ಅಂದವರು ತಮ್ಮನ ಮುಖ ನೋಡಿ ಎಷ್ಟು ದಿನದಿಂದ ನುಂಗಿಕೊಂಡಿದ್ದರೋ.

"ಸಿಂಹದ ಆಯ ಇತ್ತು. ಕೊಟ್ರಪ್ಪ ಹೇಳಿದ್ದ. ಅದನ್ನ ಬಿಟ್ಟು ನಾಯಿದ ಮಾಡಿದ್ಲು ಈಕಿ. ನನ್ನ ತಮ್ಮನ ಕಣ್ಣು ತನ್ನ ಕೈಯಾರೆ ಕೊಯ್ದ್ಲು."

ಎಲ್ಲರ ಕೈ ಗಂಗಾಳದಲ್ಲೇ ನಿಂತಿತು. ನಾನು ಬಡಿಸುತ್ತಿದ್ದ ಸಜ್ಜೆಯ ಕಡುಬು ಹಾಗೇ ಹಿಡಿದು ನಿಂತೆ. ಹೌದು, ಕೊಯ್ದೆ, ಬೇಕಾದರೆ ಇನ್ನೊಮ್ಮೆ ಕೊಯ್ಯುತ್ತೇನೆ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವರು ಅಣ್ಣನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಈಗ ಯಾರ ಕಿವಿಯ ಆಚೆಯೂ ನೋಡಬೇಕಾಗಿರಲಿಲ್ಲ.

"ಅಣ್ಣಾ, ನನ್ನ ಕಣ್ಣು ಹೋಗೂ ಮುಂಚೆ ಚಂದ್ರನ ಮ್ಯಾಲಿನ ಗುಡ್ಡದ ನೆರಳು ನೋಡ್ಯಾವ. ನಿನ್ನ ಕಣ್ಣು ಇನ್ನೂ ಛಲೋ ಅದಾವ. ಅವು ಏನ್ ನೋಡ್ಯಾವ, ಹೇಳು."

ಭಾವನವರು ಗಂಗಾಳ ಸರಿಸಿಬಿಟ್ಟರು.

ಸಂಜೆ ಮನೆಗೆ ಬಂದ ಮೇಲೆ ಹಿತ್ತಲಲ್ಲಿ ಮತ್ತೆ ಆ ಸದ್ದು ಹತ್ತಿತು. ಅಂಚು ಸರಿಮಾಡುತ್ತೇನೆ ಎಂದು ಅವರು ಕನ್ನಡಿಯನ್ನು ಬಿಚ್ಚಿಸಿ ಪೀಪಾಯಿಯ ಮೇಲೆ ಇಡಿಸಿದ್ದರು. ಉಜ್ಜಲು ಕಣ್ಣು ಬೇಕಾಗಿಲ್ಲ, ಕೈಗೆ ಗೊತ್ತಾಗುತ್ತದೆ. ನೋಡಿ ಹೇಳಲು ನೀನಿದ್ದೀ ಅಂದಿದ್ದರು. ಭಾವನವರು ನಮ್ಮ ಪಡಸಾಲೆಗೆ ಬಂದು ಆ ಸದ್ದು ಕೇಳುತ್ತ ಬಹಳ ಹೊತ್ತು ನಿಂತರು. ಮುಖ ಬಾಡಿತ್ತು. ಕುಡಿಯಲು ನೀರು ಕೇಳಿದರು, ದಿನವೂ ಕೇಳುವ ಹಾಗೆ.

ಮೂಲೆಯ ಕೊಡಕ್ಕೆ ತಣ್ಣಗಿರಲೆಂದು ನಾನು ಒದ್ದೆ ಬಟ್ಟೆ ಸುತ್ತಿರುತ್ತಿದ್ದೆ. ಚೆಂಬು ತುಂಬಿ ಕೊಟ್ಟೆ. ಅವರು ಬಾಯಿಗೆ ಎತ್ತುವಾಗ ಬಗ್ಗಿ ಬಟ್ಟೆಯನ್ನು ಮೇಲಕ್ಕೆ ಸರಿಸಿದೆ. ಕೊಡ ಉರುಳದಂತೆ ಅದರ ಕೆಳಗೆ ಎಂಟು ಮೂಲೆಯ ಕೆಂಪು ಬಳೆ ಕೂತಿತ್ತು, ಹಳದಿ ಬಳ್ಳಿಯ ಸಮೇತ. ಅವರಿಗೆ ಗುರುತು ಹತ್ತಿತು. ಚೆಂಬು ಹಿಡಿದ ಕೈ ಅಲ್ಲೇ ನಿಂತಿತು.

"ಕುಡೀರಿ ಭಾವನವರ," ಅಂದೆ. "ಆಯ ಕೆಡಿಸಿ ಕೊಯ್ದ ತುಂಡು ಇದ. ಕಾರ್ತಿಕದಿಂದ ದಿನಾ ಇದರ ಮ್ಯಾಲಿನ ನೀರ ಕುಡಿಯಾಕ ಹತ್ತೀರಿ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ."

ಅವರು ನನ್ನ ಮುಖ ನೋಡಿದರು, ಚೆಂಬು ನೋಡಿದರು. ಹಿತ್ತಲಲ್ಲಿ ಗಾಜು ಉಜ್ಜುವ ಸದ್ದು ನಿಲ್ಲದೆ ಬರುತ್ತಿತ್ತು. ಭಾವನವರು ನೀರು ಕುಡಿದರು, ಖಾಲಿ ಚೆಂಬನ್ನು ನನ್ನ ಕೈಗೆ ಕೊಟ್ಟು, ಹಿತ್ತಲಲ್ಲಿದ್ದ ತಮ್ಮನ ಕಡೆಗೆ ನಡೆದರು.